ಇಲ್ಲದ ನಲವತ್ತೇಳು

ಸೆವೆರಿನ್ ಮೇಷ್ಟ್ರ ಕ್ಯಾಟಲಾಗಿನಲ್ಲಿ ನಲವತ್ತೇಳನೆಯ ನಂಬರು ಪಡೆದ ನಾಣ್ಯ ಈ ಲೋಕದಲ್ಲಿ ಇಲ್ಲವೇ ಇಲ್ಲ ಅನ್ನುವುದು ಅವರ ತಂಗಿ ಓತಿಲಿಯಾಗೆ ಗೊತ್ತಾಗಿ ಎಷ್ಟೋ ವರ್ಷ ಆಗಿತ್ತು. ಗೊತ್ತಿದ್ದೂ ಅದನ್ನು ಒಬ್ಬರಿಗೂ ಒಪ್ಪಿಸಲಾಗದೆ ಆಕೆ ಒದ್ದಾಡಿದ್ದನ್ನು ಹತ್ತಿರದಿಂದ ಕಂಡವನು ನಾನು. ಬಿದ್ಗೋಶ್ಚ್ ಊರಿನಲ್ಲಿ, ಹೊಳೆಯ ಸೇತುವೆ ದಾಟಿದ ಕೂಡಲೆ ಸಿಗುವ ಫೋಟೋ ಸ್ಟುಡಿಯೋ ನನ್ನದು. ಬೋನೆಕ್ ಸ್ಟುಡಿಯೋ ಅಂದರೆ ಯಾರಾದರೂ ತೋರಿಸುತ್ತಾರೆ. ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ, ಚರ್ಚಿನಲ್ಲಿ ಮೊದಲ ಕಮ್ಯುನಿಯನ್ನಿಗೆ ಬಿಳಿ ಬಟ್ಟೆ ತೊಟ್ಟು ಬರುವ ಮಕ್ಕಳ ಫೋಟೋ, ಇವುಗಳಲ್ಲಿ ನನ್ನ ಹೊಟ್ಟೆ ತುಂಬುತ್ತದೆ. ಉಳಿದ ಹೊತ್ತಿನಲ್ಲಿ ನಮ್ಮ ನಾಣ್ಯ ಸಂಘದವರಿಗಾಗಿ ನಾಣ್ಯಗಳ ಫೋಟೋ ತೆಗೆಯುತ್ತೇನೆ. ಅಣ್ಣನ ಪುಸ್ತಕಕ್ಕೂ ತಂಗಿಯ ಪುಸ್ತಕಕ್ಕೂ ಫೋಟೋ ತೆಗೆದವನು ನಾನೇ. ಇಬ್ಬರ ಕೈಯಲ್ಲೂ ಬೈಸಿಕೊಂಡವನೂ ನಾನೇ.

ನಮ್ಮೂರಿನ ಗಿರಣಿ ದ್ವೀಪದಲ್ಲಿ ನಾನೂರು ವರ್ಷದ ಹಿಂದೆ ಟಂಕಸಾಲೆ ಇತ್ತು. ಝಿಗ್ಮುಂಟ್ ರಾಜನ ಕಾಲದ ಮೂರು ಗ್ರೋಷ್ ನಾಣ್ಯ, ನಾವು ತ್ರೋಯಾಕ್ ಅನ್ನುವುದು, ಅಲ್ಲಿ ರಾಶಿ ರಾಶಿ ಅಚ್ಚಾಗುತ್ತಿತ್ತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಅಗಲವಾದ ಬೆಳ್ಳಿ ಬಿಲ್ಲೆ. ಒಂದು ಬದಿಯಲ್ಲಿ ನೆರಿಗೆ ಕಾಲರಿನ ರಾಜ. ಇನ್ನೊಂದು ಬದಿಯಲ್ಲಿ ಹದ್ದು, ಕುದುರೆ ಸವಾರ, ಕೆಳಗೆ ಲ್ಯಾಟಿನ್ ಬರಹ. ಅಚ್ಚುಗಳನ್ನು ಕೈಯಲ್ಲೇ ಕೆತ್ತುತ್ತಿದ್ದದ್ದರಿಂದ ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಒಂದರಲ್ಲಿ ಪದಗಳ ನಡುವೆ ಚುಕ್ಕೆ, ಒಂದರಲ್ಲಿ ಹೂವು, ಇನ್ನೊಂದರಲ್ಲಿ ಅಕ್ಷರವೇ ತಲೆಕೆಳಗು. ಯಾವ ನಾಣ್ಯ ಯಾವ ಅಚ್ಚಿನಿಂದ ಬಂದದ್ದು ಅಂತ ಬೇರೆ ಬೇರೆ ಮಾಡಿ ನಂಬರು ಹಚ್ಚುವುದೇ ನಮ್ಮ ಸಂಘದವರಿಗೆ ಅಂಟಿದ ಹುಚ್ಚು.

ಆ ಹುಚ್ಚಿಗೆ ಪುಸ್ತಕದ ರೂಪ ಕೊಟ್ಟವರು ಸೆವೆರಿನ್ ಮೇಷ್ಟ್ರು. ಹೈಸ್ಕೂಲಿನಲ್ಲಿ ನನಗೆ ಲ್ಯಾಟಿನ್ ಕಲಿಸಿದವರು. ನಮ್ಮಲ್ಲಿ ಹೈಸ್ಕೂಲಿನ ಮೇಷ್ಟ್ರನ್ನೂ ಪ್ರೊಫೆಸರ್ ಅಂತಲೇ ಕರೆಯೋದು. ಒಂದು ಅಲ್ಪವಿರಾಮ ಬಿಟ್ಟರೆ ಇಡೀ ತರಗತಿಯನ್ನು ನಿಲ್ಲಿಸಿ ಹುಡುಕಿಸುತ್ತಿದ್ದ ಮನುಷ್ಯ, ನಾಣ್ಯವನ್ನೂ ಹಾಗೆಯೇ ಓದಿದರು. ಬರಹದಲ್ಲಿ ಒಂದು ಚುಕ್ಕೆ ಹೆಚ್ಚು ಕಂಡರೆ ಹೊಸ ನಂಬರು, ಒಂದು ಅಕ್ಷರ ಕಮ್ಮಿ ಕಂಡರೆ ಮತ್ತೊಂದು ನಂಬರು. ಪುಸ್ತಕ ಸುಲಭವಾಗಿತ್ತು. ಭೂತಗನ್ನಡಿ ಇದ್ದವನು, ಅಕ್ಷರ ಬಲ್ಲವನು, ಯಾರು ಬೇಕಾದರೂ ತನ್ನ ನಾಣ್ಯದ ನಂಬರು ಕಂಡುಹಿಡಿಯಬಹುದಿತ್ತು. ಗ್ದಾನ್ಸ್ಕ್‌ನಿಂದ ಕ್ರಾಕೂಫ್‌ವರೆಗೆ ಹರಾಜಿನವರೆಲ್ಲ "ಸೆವೆರಿನ್ ಇಪ್ಪತ್ತೆರಡು", "ಸೆವೆರಿನ್ ಮೂವತ್ತು" ಅಂತ ಬರೆಯತೊಡಗಿದರು.

ಅದರಲ್ಲಿ ನಲವತ್ತೇಳು ಎಲ್ಲಕ್ಕಿಂತ ಹೆಸರುವಾಸಿ. ನಲವತ್ತಾರರಲ್ಲಿ ನಮ್ಮ ದೇಶದ ಹೆಸರು ಲ್ಯಾಟಿನ್ನಿನಲ್ಲಿ "ಪೊಲೊನಿ" ಅಂತ ಇರುತ್ತದೆ. ನಲವತ್ತೇಳರಲ್ಲಿ ಕೊನೆಯ ಅಕ್ಷರ ಇಲ್ಲ, "ಪೊಲೊನ್" ಅಷ್ಟೆ. ಲ್ಯಾಟಿನ್ನಿನಲ್ಲಿ ಆ ಅಕ್ಷರ ಅಂದರೆ ಒಂದು ನೆಟ್ಟಗಿನ ಗೀಟು. ಒಂದು ಗೀಟಿಲ್ಲದ ನಾಣ್ಯಕ್ಕಾಗಿ ಜನ ಊರೂರು ಅಲೆದರು. ನಮ್ಮ ಸಂಘದಲ್ಲಿ ಅದು ಇದ್ದದ್ದು ರೊಮುವಾಲ್ಡ್ ಒಬ್ಬನ ಹತ್ತಿರ. ಸ್ಟೇಷನ್ ರಸ್ತೆಯಲ್ಲಿ ಮಾಂಸದಂಗಡಿ ಇಟ್ಟವನು. ಗುರುವಾರದ ಸಭೆಗೆ ಆ ನಾಣ್ಯವನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದ. ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ಪಾನ್, ಹೆಂಗಸರನ್ನು ಪಾನಿ ಅನ್ನುವುದು; ಯಾರಾದರೂ "ಪಾನ್ ರೊಮುವಾಲ್ಡ್, ತೋರ್ಸಿ ಸ್ವಲ್ಪ" ಅಂದರೆ ಸಾಕು, ಮೊದಲು ಕೈ ಒರೆಸಿಕೊಂಡು, ಆಮೇಲೆ ಜೇಬಿಗೆ ಕೈ ಹಾಕುತ್ತಿದ್ದ.

ಓತಿಲಿಯಾ ಹಲ್ಲಿನ ಡಾಕ್ಟರು. ನಿವೃತ್ತಿಯಾಗುವ ತನಕ ಊರಿನವರ ಬಾಯೊಳಗೆ ಇಣುಕಿ ನೋಡಿದ ಕಣ್ಣು ಆಕೆಯದು. ಒಂದು ಹಲ್ಲಿನ ಸವೆತ ನೋಡಿ, ನೀವು ಎಡಗಡೆಯೇ ಅಗಿಯುತ್ತೀರಿ ಅಂತ ಹೇಳುತ್ತಿದ್ದರು. ನಾಣ್ಯದಲ್ಲಿ ಏನು ಬರೆದಿದೆ ಅಂತ ಆಕೆ ಓದಲೇ ಇಲ್ಲ. ಅಚ್ಚು ಎಲ್ಲಿ ಸವೆದಿದೆ, ಎಲ್ಲಿ ಬಿರುಕು ಬಿಟ್ಟಿದೆ, ಅಕ್ಷರಗಳ ನಡುವಿನ ಸಂದು ಎಷ್ಟು, ಅದನ್ನು ನೋಡಿದರು. ಅಚ್ಚಿನ ಕಬ್ಬಿಣದಲ್ಲಿ ಬಿರುಕು ಬಿಟ್ಟರೆ ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಬೀಳುತ್ತದೆ. ದಿನ ಹೋದಂತೆ ಗೆರೆ ಉದ್ದವಾಗುತ್ತದೆ. ಆ ಗೆರೆ ಹಿಡಿದು ಯಾವ ನಾಣ್ಯ ಮೊದಲು ಬಿದ್ದದ್ದು, ಯಾವುದು ಆಮೇಲಿನದು ಅಂತ ಆಕೆ ಸಾಲಾಗಿ ಜೋಡಿಸಿಬಿಡುತ್ತಿದ್ದರು.

ಹಾಗೆ ಜೋಡಿಸುವಾಗ ನಲವತ್ತಾರು, ನಲವತ್ತೇಳು ಎರಡೂ ಒಂದೇ ಸಾಲಿನಲ್ಲಿ ಬಂದು ಕೂತವು. ಎರಡರಲ್ಲೂ ಸವಾರನ ಕತ್ತಿಯ ತುದಿಯಿಂದ ಅಂಚಿನ ಕಡೆಗೆ ಅದೇ ಬಿರುಕು. ಬಿರುಕು ಚಿಕ್ಕದಿದ್ದಾಗ ಕೊನೆಯ ಗೀಟು ಪೂರ್ತಿ ಇದೆ. ಉದ್ದವಾದಾಗ ಅರ್ಧ ಇದೆ. ಅಂಚು ಮುಟ್ಟುವ ಹೊತ್ತಿಗೆ ಗೀಟು ನೆರಳಿನಷ್ಟು, ಆಮೇಲೆ ಅದೂ ಇಲ್ಲ. ಅಚ್ಚಿನ ಆ ಕುಳಿಯಲ್ಲಿ ಎಣ್ಣೆ ಜಿಡ್ಡು, ಬೆಳ್ಳಿಯ ಚೂರು ಸೇರಿ ಗಟ್ಟಿಯಾಗಿತ್ತು. ಕೆತ್ತುವವನು ಅಕ್ಷರ ಬಿಟ್ಟಿರಲೇ ಇಲ್ಲ. ಕೊಳೆ ತುಂಬಿ ಅಕ್ಷರ ಮುಚ್ಚಿಹೋಗಿತ್ತು.

ಭಾನುವಾರದ ಊಟಕ್ಕೆ ಅಣ್ಣನ ಮನೆಗೆ ಹೋದಾಗ ಆಕೆ ಇದನ್ನು ಹೇಳಿದರು. ನಾನೂ ಅಲ್ಲಿದ್ದೆ. ಮೇಷ್ಟ್ರು ಹುಳಿ ಸೂಪಿಗೆ ಅರ್ಧ ಮೊಟ್ಟೆ ಹಾಕಿಕೊಳ್ಳುತ್ತಿದ್ದರು.

"ಸೆವೆಕ್, ನಿನ್ನ ನಲವತ್ತೇಳು ಬೇರೆ ಅಚ್ಚಲ್ಲ ಕಣೋ. ನಲವತ್ತಾರಕ್ಕೇ ಕೊಳೆ ತುಂಬಿರೋದು."

"ಅಕ್ಷರ ಇದೆಯೋ ಇಲ್ವೋ?"

"ನಾಣ್ಯದ ಮೇಲಿಲ್ಲ. ಅಚ್ಚಿನಲ್ಲಿ ಇತ್ತು."

"ನಾನು ನಾಣ್ಯದ ಪುಸ್ತಕ ಬರೆದಿರೋದು ಓತಿಲ್ಕಾ, ಅಚ್ಚಿಂದಲ್ಲ. ಆ ಅಚ್ಚನ್ನ ನೀನು ನೋಡಿದೀಯಾ? ಯಾರಾದ್ರೂ ನೋಡಿದಾರಾ?"

"ಕಣ್ಣಿಗೆ ಕಾಣೋ ಬಿರುಕು ಇದೆಯಲ್ಲೋ! ನೀನು ಓದ್ತೀಯ, ನೋಡೋದೇ ಇಲ್ಲ. ಅದೇ ನಿನ್ನ ರೋಗ."

"ನೀನು ನೋಡ್ತೀಯ, ಓದೋಕೆ ಬರಲ್ಲ. ಲ್ಯಾಟಿನ್ನಲ್ಲಿ ಯಾವತ್ತೂ ಪಾಸಾಗ್ಲಿಲ್ಲ ನೀನು."

ಚಮಚ ಬಟ್ಟಲಿಗೆ ಬಿದ್ದ ಸದ್ದಿಗೆ ನಾನು ತಲೆ ತಗ್ಗಿಸಿದೆ. ಓತಿಲಿಯಾ ಕೋಟು ಹಾಕಿಕೊಂಡು ಹೊರಟುಹೋದರು. ಆಕೆಯ ಪಾಲಿನ ಮೊಟ್ಟೆಯನ್ನೂ ಮೇಷ್ಟ್ರು ತಿಂದರು, ಏನೂ ಆಗಿಲ್ಲದವರ ಹಾಗೆ.

ಆಮೇಲೆ ಓತಿಲಿಯಾ ತಮ್ಮದೇ ಕ್ಯಾಟಲಾಗು ಬರೆಯಲು ಕೂತರು. ಅಚ್ಚುಗಳ ಲೆಕ್ಕದಲ್ಲಿ, ಮೊದಲಿನಿಂದ. ವಾರ್ಸಾವಾ, ಪೊಜ್ನಾನ್, ಟೊರೂನ್, ಎಲ್ಲಿ ಮ್ಯೂಸಿಯಂ ಇತ್ತೋ ಅಲ್ಲಿಗೆಲ್ಲ ಕ್ಯಾಮೆರಾ ಹೊತ್ತು ನಾನೂ ಹೋದೆ. ಪ್ರತಿ ನಾಣ್ಯಕ್ಕೂ ಅದೇ ಕೋನದಲ್ಲಿ ಬೆಳಕು ಬೀಳಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೆ "ಬೋನೆಕ್, ಇದು ನಾಣ್ಯನೋ ಪ್ಯಾನ್‌ಕೇಕೋ? ಮತ್ತೆ ತೆಗಿ" ಅನ್ನುತ್ತಿದ್ದರು. ಸಾಲು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಎಲ್ಲಿಂದಲೋ ಒಂದು ನಾಣ್ಯ ಬಂದು, ಎರಡು ಅಚ್ಚು ಅಂದುಕೊಂಡದ್ದು ಒಂದೇ ಅಂತಲೋ, ಒಂದು ಅಂದುಕೊಂಡದ್ದು ಎರಡು ಅಂತಲೋ ಆಗಿಬಿಡುತ್ತಿತ್ತು. ಆಗ ಆ ಭಾಗವನ್ನೆಲ್ಲ ಕಿತ್ತು ಮತ್ತೆ ಬರೆಯಬೇಕು. ಆಕೆ ಅಡುಗೆಮನೆಯ ಮೇಜಿನ ಮೇಲೆ ಫೋಟೋಗಳನ್ನು ಹರವಿಕೊಂಡು, ಎರಡೂ ಕೈಯಲ್ಲಿ ತಲೆ ಹಿಡಿದು ಕೂತದ್ದನ್ನು ಎಷ್ಟು ಸಲ ನೋಡಿದ್ದೇನೋ.

ಕೊನೆಗೆ ಪುಸ್ತಕ ಬಂತು. ಅಂಥ ಕೆಲಸವನ್ನು ನಮ್ಮ ದೇಶದಲ್ಲಿ ಯಾರೂ ಮಾಡಿರಲಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಅದನ್ನು ಬಳಸುವವರು ಯಾರು? ಆಕೆಯ ನಂಬರಿನಲ್ಲಿ ಮುಖದ ಅಚ್ಚಿಗೆ ಒಂದು ಅಂಕಿ, ಹಿಂಬದಿ ಅಚ್ಚಿಗೆ ಒಂದು ಅಕ್ಷರ, ಸವೆತಕ್ಕೆ ಇನ್ನೊಂದು ಅಂಕಿ. ಗುರುವಾರದ ಸಭೆಯಲ್ಲಿ ಎಲ್ಲರೂ ಪುಸ್ತಕ ಕೊಂಡರು, ಚಪ್ಪಾಳೆ ತಟ್ಟಿದರು, ಗಸಗಸೆ ಕೇಕು ತಿಂದರು. ರೊಮುವಾಲ್ಡ್ ಹಾಳೆ ತಿರುವಿ, "ಪಾನಿ ಡಾಕ್ಟರ್, ನಿಮ್ಮ ನಂಬರು ಕೇಳಿದ್ರೆ ನನಗೆ ದವಡೆ ಹಲ್ಲು ಕೀಳೋಕೆ ಬರ್ತೀರೇನೋ ಅನ್ಸುತ್ತೆ" ಅಂದ. ಸಭೆ ಘೊಳ್ಳೆಂದಿತು.

"ನಿಮ್ಮ ಹಲ್ಲು ಕಿತ್ತಾಗ ನೀವು ಅತ್ತಿದ್ದು ನೆನಪಿದೆ ನಂಗೆ" ಅಂದರು ಓತಿಲಿಯಾ.

"ಅದಿರ್ಲಿ, ಇದು ಸೆವೆರಿನ್‌ನಲ್ಲಿ ಎಷ್ಟನೇ ನಂಬರು ಅಂತ ಒಂದು ಹಾಳೆ ಮಾಡಿಕೊಟ್ರೆ ನಮಗೂ ಅನುಕೂಲ."

ಎಲ್ಲರೂ ಅದನ್ನೇ ಕೇಳಿದರು. ಪ್ರಕಾಶಕನೂ ಅದನ್ನೇ ಕೇಳಿದ. ಹಲ್ಲು ಕಚ್ಚಿಕೊಂಡು ಆಕೆ ಒಂದು ಹಾಳೆ ಮಾಡಿಕೊಟ್ಟರು. ಈ ಕಡೆ ಆಕೆಯ ನಂಬರು, ಆ ಕಡೆ ಅಣ್ಣನದು. ಜನ ಆ ಹಾಳೆಯ ಬಲಗಡೆಯ ಸಾಲನ್ನಷ್ಟೇ ನೋಡಿದರು. ಪುಸ್ತಕ ಕಪಾಟು ಸೇರಿತು. ಹರಾಜಿನವರು ಹಿಂದಿನಂತೆಯೇ "ಸೆವೆರಿನ್ ನಲವತ್ತೇಳು, ಅತಿ ಅಪರೂಪ" ಅಂತ ಬರೆಯುತ್ತಲೇ ಹೋದರು. ಅಂಥ ಸಾಲು ಕಂಡಾಗಲೆಲ್ಲ ಆಕೆ ನನಗೆ ಫೋನು ಮಾಡುತ್ತಿದ್ದರು. ನಮಸ್ಕಾರ ಇಲ್ಲ, ಏನಿಲ್ಲ. "ಮತ್ತೆ ಬರೆದಿದಾರೆ ಬೋನೆಕ್! ಕೊಳೆಗೆ ಬೆಲೆ ಕಟ್ತಿದಾರೆ, ಬರೀ ಕೊಳೆಗೆ!" ಅಂತ ಕೂಗಿ ಇಟ್ಟುಬಿಡುತ್ತಿದ್ದರು.

ಹೀಗೇ ಇರುವಾಗ ಮೇಷ್ಟ್ರ ಕಣ್ಣು ಕೈಕೊಟ್ಟಿತು. ಪೂರ್ತಿ ಕುರುಡಲ್ಲ. ನೇರವಾಗಿ ನೋಡಿದ್ದು ಕಾಣುವುದಿಲ್ಲ, ನಡುವೆ ಒಂದು ಬೂದು ಮಚ್ಚೆ. ಪಕ್ಕದಲ್ಲಿರುವುದು ಮಸುಕಾಗಿ ಕಾಣುತ್ತದೆ. ಜೀವಮಾನವೆಲ್ಲ ಚುಕ್ಕೆ ಹುಡುಕಿದ ಮನುಷ್ಯನಿಗೆ ತಟ್ಟೆಯಲ್ಲಿನ ಆಲೂಗಡ್ಡೆ ಹುಡುಕಬೇಕಾದ ಸ್ಥಿತಿ. ಅದೇ ಸಮಯಕ್ಕೆ ಪ್ರಕಾಶಕ ಎರಡನೆಯ ಮುದ್ರಣ ಬೇಕು ಅಂತ ಹಿಂದೆ ಬಿದ್ದ. ಮೇಷ್ಟ್ರು ತಂಗಿಯನ್ನು ಕರೆಸಿದರು. ಸಾಕ್ಷಿಗೆ ಇರಲಿ ಅಂತಲೋ ಏನೋ, ನನ್ನನ್ನೂ ಕರೆಸಿದರು.

"ನೀನೇ ಮಾಡ್ಬೇಕು ಓತಿಲ್ಕಾ. ಬೇರೆ ಯಾರಿಗೂ ಬರಲ್ಲ."

ಆಕೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಮೇಷ್ಟ್ರಿಗೆ ಕಾಣಲಿಲ್ಲ.

"ಏನು ಬೇಕಾದ್ರೂ ಸೇರಿಸು" ಅಂದರು ಮೇಷ್ಟ್ರು. "ನಿನ್ನ ಬಿರುಕು, ಸವೆತ, ಎಲ್ಲಾ ಹಾಕು. ಆದ್ರೆ ನಂಬರು ಮುಟ್ಬೇಡ. ಒಂದೂ ಬದಲಾಗಬಾರ್ದು, ಒಂದೂ ಹೋಗಬಾರ್ದು."

"ನಲವತ್ತೇಳು?"

"ಅದೂ."

"ಇಲ್ದೇ ಇರೋದಕ್ಕೆ ನಂಬರಾ? ಬಾಯಲ್ಲಿ ಇಲ್ಲದ ಹಲ್ಲಿಗೆ ಸಿಮೆಂಟು ತುಂಬು ಅಂತೀಯಾ?"

"ಇಡೀ ದೇಶ ಆ ನಂಬರಿನ ಮೇಲೆ ನಡೀತಿದೆ. ಎಳೆದ್ರೆ ಎಲ್ಲಾ ಕುಸಿಯುತ್ತೆ."

"ಕುಸೀಲಿ!" ಬಾಗಿಲು ಬಡಿದ ಹೊಡೆತಕ್ಕೆ ಗೋಡೆಯ ಮೇಲಿದ್ದ ತಾಯಿ ಮರಿಯಾಳ ಪಟ ಓರೆಯಾಯಿತು. ಮೇಷ್ಟ್ರು, "ಬೋನೆಕ್, ಏನು ಬಿತ್ತು?" ಅಂತ ಕೇಳಿದರು. ಏನೂ ಬಿದ್ದಿಲ್ಲ ಅಂತ ಪಟ ನೆಟ್ಟಗೆ ಮಾಡಿದೆ.

ಆದರೂ ಆಕೆ ಒಪ್ಪಿಕೊಂಡರು. ಯಾಕೆ ಅಂತ ಕೇಳಿದ್ದಕ್ಕೆ ಕಹಿಯಾಗಿ ನಕ್ಕು, "ನನ್ನ ಪುಸ್ತಕ ಯಾರೂ ತೆರೆಯಲ್ಲ. ಅವನದನ್ನ ತೆರೀತಾರೆ. ನನ್ನ ಮಾತು ಅವನ ಪುಸ್ತಕದೊಳಗೆ ಕೂತ್ರೆನಾದ್ರೂ ಯಾರೋ ಓದ್ಬಹುದು" ಅಂದರು.

ಕೆಲಸ ಶುರುವಾಯಿತು. ಆಕೆ ಗಟ್ಟಿಯಾಗಿ ಓದುವುದು, ಮೇಷ್ಟ್ರು ಕುರ್ಚಿಗೊರಗಿ ಕೇಳಿಸಿಕೊಂಡು ತಪ್ಪು ಹಿಡಿಯುವುದು. ಪ್ರತಿ ನಂಬರಿಗೂ ಜಗಳ. ಚಹಾದ ಗ್ಲಾಸು ತಣ್ಣಗಾಗಿ ಮೇಲೆ ಕೆನೆಗಟ್ಟಿದರೂ ಇವರ ಮಾತು ಮುಗಿಯುತ್ತಿರಲಿಲ್ಲ. ನಲವತ್ತೇಳರ ಹತ್ತಿರ ಬಂದು ಎರಡು ವಾರ ಅಲ್ಲೇ ನಿಂತರು. ಮೇಷ್ಟ್ರಿಗೆ ಹೇಗಾದರೂ ಬಿರುಕು ತೋರಿಸಬೇಕು ಅಂತ ಆಕೆಗೆ ಹಟ. ನನ್ನ ಹತ್ತಿರ ಬಂದು, "ಮದುವೆಮನೆ ಬ್ಯಾನರ್ ಹೊಡೀತೀಯಲ್ಲ, ಆ ಅಳತೆಗೆ ಈ ನಾಣ್ಯಗಳನ್ನ ಹೊಡಿ" ಅಂದರು. ಹೊಡೆದೆ. ಒಂದೊಂದು ತ್ರೋಯಾಕೂ ಗಾಡಿಯ ಚಕ್ರದಷ್ಟು ಅಗಲ. ಮೇಷ್ಟ್ರ ಹಜಾರದ ಗೋಡೆಗೆ ಅವುಗಳನ್ನು ಸಾಲಾಗಿ ಅಂಟಿಸಿದೆವು. ಮೇಷ್ಟ್ರು ಎದ್ದು, ಕೊಕ್ಕರೆಯ ಹಾಗೆ ಕತ್ತು ಓರೆ ಮಾಡಿ, ಕಣ್ಣಂಚಿನಲ್ಲಿ ಒಂದೊಂದನ್ನೇ ನೋಡುತ್ತ ಗೋಡೆಯುದ್ದಕ್ಕೂ ನಡೆದರು. ತಿರುಗಿ ಬಂದು ಮತ್ತೊಮ್ಮೆ ನಡೆದರು.

"ಗೆರೆ ಕಾಣ್ತಿದೆ" ಅಂದರು.

"ಉದ್ದ ಆಗೋದು?"

"ಕಾಣ್ತಿದೆ. ಅಕ್ಷರ ಕರಗೋದೂ ಕಾಣ್ತಿದೆ." ಕೂತುಕೊಂಡರು. ಓತಿಲಿಯಾ ನನ್ನ ತೋಳು ಹಿಡಿದಿದ್ದರು, ಉಗುರು ನಾಟುವ ಹಾಗೆ. ಇಷ್ಟು ವರ್ಷಕ್ಕೆ ಮನುಷ್ಯ ದಾರಿಗೆ ಬಂದನಲ್ಲ ಅಂದುಕೊಂಡೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಆದ್ರೂ ನಂಬರು ಇರ್ಲಿ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಏನಾದ್ರೂ ಬರಿ" ಅಂದರು.

ಓತಿಲಿಯಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಪಾತ್ರೆ ತೊಳೆಯುವ ಸದ್ದು ಮಾತ್ರ ಬರಲಿಲ್ಲ.

ಹೊಸ ಮುದ್ರಣಕ್ಕೆ ನಲವತ್ತೇಳರ ಒಳ್ಳೆಯ ಫೋಟೋ ಬೇಕಿತ್ತು. ನಮ್ಮೂರಿನಲ್ಲಿ ಅಕ್ಷರ ಒಂದಿಷ್ಟೂ ಕಾಣದ ನಾಣ್ಯ ಅಂದರೆ ರೊಮುವಾಲ್ಡ್‌ನದು. ಹಿಂದೆ ಅದರ ಫೋಟೋ ತೆಗೆಯಲು ಎಷ್ಟು ಸಲ ಕೇಳಿದರೂ ಕೊಟ್ಟಿರಲಿಲ್ಲ. ಬೇಕಾದರೆ ನೋಡಿ, ಆದರೆ ಕೈಯಿಂದ ಕೈಗೆ ದಾಟಿಸಬೇಡಿ ಅನ್ನುತ್ತಿದ್ದ. ಮೇಷ್ಟ್ರ ಪುಸ್ತಕಕ್ಕೆ ಅಂದಾಗ ಮಾತ್ರ ಹೊಸ ಶರ್ಟು ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು ಸ್ಟುಡಿಯೋಕ್ಕೆ ಬಂದ. ಅವನ ಫೋಟೋ ತೆಗೆಯುತ್ತೇನೆ ಅಂದುಕೊಂಡನೋ ಏನೋ. ಓತಿಲಿಯಾ ಕೂಡ ಬಂದಿದ್ದರು. ನಾನು ನಾಣ್ಯವನ್ನು ದೀಪದ ಕೆಳಗಿಟ್ಟು ಪರದೆಯ ಮೇಲೆ ದೊಡ್ಡದು ಮಾಡಿದೆ.

ಓತಿಲಿಯಾ ಪರದೆಯ ಹತ್ತಿರ ಬಾಗಿದರು. ಬಾಗಿದವರು ಏಳಲೇ ಇಲ್ಲ.

"ಬೋನೆಕ್, ದೀಪ ಕೆಳಗಿಳಿಸು. ಇನ್ನೂ ಕೆಳಗೆ. ಪಕ್ಕದಿಂದ ಬೀಳ್ಲಿ."

ಬೆಳಕು ಅಡ್ಡ ಬಿದ್ದ ಕೂಡಲೆ ನನಗೂ ಕಂಡಿತು. ಸವಾರನ ಕತ್ತಿಯ ಬಿರುಕು ಇನ್ನೂ ಎಳೆಯದು, ಪರದೆಯ ಮೇಲೂ ಅಕ್ಕಿ ಕಾಳಿನಷ್ಟೇ. ಆ ಹಂತದ ಯಾವ ನಾಣ್ಯದಲ್ಲೂ ಕೊನೆಯ ಗೀಟು ಹೋಗಿರಲಿಲ್ಲ, ಕೊಳೆ ತುಂಬಲು ಶುರುವೇ ಆಗಿರಲಿಲ್ಲ. ಇದರಲ್ಲಿ ಗೀಟು ಇರಬೇಕಾದ ಜಾಗದಲ್ಲಿ ಒಂದು ತಗ್ಗು. ತಗ್ಗಿನೊಳಗೆ ಒಂದರ ಪಕ್ಕ ಒಂದು ಸಣ್ಣ ಗೀರುಗಳು, ಒಂದೇ ದಿಕ್ಕಿಗೆ. ಯಾರೋ ಚೂಪಾದ ಉಳಿ ಹಿಡಿದು ಅಕ್ಷರವನ್ನು ಕೆರೆದು ತೆಗೆದಿದ್ದರು. ಆಮೇಲೆ ಹೊಳಪು ಕಾಣದಿರಲಿ ಅಂತ ಕಪ್ಪು ಮೆತ್ತಿದ್ದರು.

"ಏನು ಪಾನಿ ಡಾಕ್ಟರ್, ಚೆನ್ನಾಗಿ ಬಂತಾ?" ಅಂದ ರೊಮುವಾಲ್ಡ್.

ಆಕೆ ನೆಟ್ಟಗಾಗಿ ಅವನ ಕಡೆ ತಿರುಗಿದರು. ಹಲ್ಲು ಕೀಳಬೇಕು ಅಂತ ಹೇಳುವಾಗಲೂ ಆಕೆ ಸುತ್ತಿಬಳಸಿದವರಲ್ಲ.

"ಪಾನ್ ರೊಮುವಾಲ್ಡ್, ಇದನ್ನ ಯಾರೋ ಕೆರೆದಿದಾರೆ. ಮೂಲದಲ್ಲಿ ಇದು ನಲವತ್ತಾರು. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ನಿಮಗೆ ಮಾರೋಕೆ ಮುಂಚೆ ಕೆರೆದಿದಾರೆ."

ರೊಮುವಾಲ್ಡ್ ನಕ್ಕ. "ನಿಮಗೆ ನನ್ನ ನಲವತ್ತೇಳು ಕಂಡ್ರೆ ಆಗಲ್ಲ. ಗೊತ್ತಿರೋದೇ."

"ಬಂದು ನೋಡಿ."

ಬಂದು ನೋಡಿದ. ಕಸಾಯಿಯವನಿಗೆ ಕತ್ತಿಯ ಗೀರು ಯಾವುದು ಅಂತ ಬೇರೆ ಹೇಳಿಕೊಡಬೇಕೇ? ಅವನ ಕೆನ್ನೆ ಕೆಂಪಾಗುತ್ತ ಬಂತು, ಕಿವಿಯ ತನಕ. ನಾಣ್ಯವನ್ನು ತಟ್ಟೆಯಿಂದ ತೆಗೆದುಕೊಂಡು, ಒಳಜೇಬಿಗೆ ಹಾಕದೆ ಮುಷ್ಟಿಯಲ್ಲೇ ಹಿಡಿದುಕೊಂಡ.

"ಆ ಪುಸ್ತಕ ನಂಬಿ ತಗೊಂಡೆ ನಾನು" ಅಂದ. "ಅಣ್ಣ ಒಂದು ಸಲ ಇದೆ ಅಂದ. ತಂಗಿ ಒಂದು ಸಲ ಇಲ್ಲ ಅಂದ್ಲು. ಈಗ ಕೆರೆದದ್ದು ಅಂತೀರಿ. ನಿಮ್ಮ ಮನೆಯವರ ಜಗಳದಲ್ಲಿ ನನ್ನ ಮರ್ಯಾದೆ ಹೋಯ್ತು. ಸಂಘದಲ್ಲಿ ಎಲ್ರ ಹತ್ರ ಎಲ್ಲಾ ಇತ್ತು ಪಾನಿ ಡಾಕ್ಟರ್. ನನ್ನ ಹತ್ರ ಇದೊಂದೇ ಇದ್ದದ್ದು." ಮುಷ್ಟಿ ಬಿಚ್ಚದೆಯೇ ಹೊರಟುಹೋದ. ಆಮೇಲೆ ಗುರುವಾರಗಳಿಗೆ ಬರುವುದನ್ನು ನಿಲ್ಲಿಸಿದ. ಅಂಗಡಿಗೆ ಹೋದರೆ ನನಗೆ ಸಾಸೇಜು ತೂಗಿಕೊಡುತ್ತಿದ್ದ, ಮುಖ ಮಾತ್ರ ನೋಡುತ್ತಿರಲಿಲ್ಲ.

ಅವತ್ತು ಸ್ಟುಡಿಯೋದಿಂದ ಇಬ್ಬರೂ ನೇರವಾಗಿ ಮೇಷ್ಟ್ರ ಮನೆಗೆ ಹೋದೆವು. ಓತಿಲಿಯಾ ನಡೆದದ್ದನ್ನು ಹೇಳಿದರು. ಈ ಸಲ ದನಿಯಲ್ಲಿ ಜಗಳ ಇರಲಿಲ್ಲ. ಮೇಷ್ಟ್ರ ಬೆರಳುಗಳು ಕುರ್ಚಿಯ ಕೈಯ ಮೇಲೆ ಏನನ್ನೋ ಬರೆಯುತ್ತಿದ್ದವು.

"ಕೆರೆದ್ರಾ? ನಾನೂರು ವರ್ಷದ ನಾಣ್ಯನ?"

"ಹೂಂ."

"ನನ್ನ ನಂಬರು ಬೇಕು ಅಂತ?"

"ಇನ್ನೇನಕ್ಕೆ ಕೆರೀತಾರೆ ಸೆವೆಕ್?"

"ನಾನು ಆ ಪುಟ ಬರೀದೇ ಇದ್ದಿದ್ರೆ ಆ ಅಕ್ಷರ ಇನ್ನೂ ಅಲ್ಲೇ ಇರ್ತಿತ್ತು." ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರು ಹಾಗೆ ಕುಸಿದುಹೋದದ್ದನ್ನು ನಾನು ನೋಡಿರಲಿಲ್ಲ, ಹೆಂಡತಿ ಹೋದಾಗಲೂ. "ತೆಗೆದುಹಾಕು ಓತಿಲ್ಕಾ. ನಲವತ್ತೇಳನ್ನ ತೆಗೆದುಹಾಕಿಬಿಡು. ನಲವತ್ತೆಂಟಕ್ಕೆ ನಲವತ್ತೇಳು ಅಂತ ಕೊಡು. ಅಂಥದ್ದೊಂದು ಇತ್ತು ಅಂತಲೇ ಯಾರಿಗೂ ಗೊತ್ತಾಗೋದು ಬೇಡ."

ಎಷ್ಟೋ ವರ್ಷದಿಂದ ಈ ಮಾತಿಗೇ ಕಾದಿದ್ದವರು ಓತಿಲಿಯಾ. ಈಗ ಸಂತೋಷ ಪಡುತ್ತಾರೆ ಅಂದುಕೊಂಡು ಆಕೆಯ ಮುಖ ನೋಡಿದೆ. ಆಕೆ ಕಿಡಿಕಿಡಿಯಾಗಿದ್ದರು.

"ಈಗ ತೆಗೀತೀಯಾ? ಈಗ? ಹೇಳ್ದಾಗ ತೆಗೀಲಿಲ್ಲ, ಗೋಡೆಗೆ ಅಂಟಿಸಿ ತೋರ್ಸಿದಾಗ ತೆಗೀಲಿಲ್ಲ. ಈಗ ನಾಚಿಕೆ ಆಗ್ತಿದೆ ಅಂತ ಒರೆಸಿಬಿಡ್ತೀಯಾ? ಕೆರೆದ ನಾಣ್ಯ ಎಷ್ಟು ಜನರ ಹತ್ರ ಇದೆಯೋ! ಅವ್ರು ಪುಸ್ತಕ ತೆಗೆದು ನಲವತ್ತೇಳು ಹುಡುಕ್ತಾರೆ. ಅಲ್ಲಿ ಬೇರೆ ನಾಣ್ಯ ಇರುತ್ತೆ. ಯಾರಿಗೆ ಏನು ತಿಳಿಯುತ್ತೆ?"

"ಮತ್ತೆ ಏನು ಮಾಡ್ಬೇಕು ಅಂತೀಯ?"

"ನಂಬರು ಇರುತ್ತೆ. ದೊಡ್ಡ ಅಕ್ಷರದಲ್ಲೇ ಇರುತ್ತೆ. ಅದರ ಕೆಳಗೆ, ಇಂಥ ಅಚ್ಚು ಇಲ್ಲ, ಇದು ಕೊಳೆ ತುಂಬಿದ ನಲವತ್ತಾರು, ಕೆರೆದದ್ದೂ ಇದೆ, ಹೀಗೆ ಗುರ್ತಿಸಿ ಅಂತ ಒಂದು ಪೂರ್ತಿ ಪುಟ. ನೀನೇ ಹೇಳಿ ಬರೆಸ್ಬೇಕು. ನಿನ್ನ ಹೆಸರಲ್ಲಿ."

ಹೀಗೆ ತೆಗೆಯಬೇಕು ಅಂತ ಹೋರಾಡಿದವರು ಇರಲಿ ಅಂದರು, ಇರಲಿ ಅಂದವರು ತೆಗೆ ಅಂದರು, ಇಬ್ಬರೂ ಅಷ್ಟೇ ಜೋರಾಗಿ. ಕೊನೆಗೆ ಮೇಷ್ಟ್ರು ಸೋತರು. ಆ ಪುಟವನ್ನು ಹೇಳಿ ಬರೆಸಲು ಅವರಿಗೆ ಇಡೀ ವಸಂತ ಬೇಕಾಯಿತು. "ತಪ್ಪಾಗಿ" ಅನ್ನುವ ಪದದ ಹತ್ತಿರ ಬಂದಾಗಲೆಲ್ಲ ಕೆಮ್ಮು ಬರುತ್ತಿತ್ತು.

ಕೆರೆದ ನಾಣ್ಯದ ಫೋಟೋ ಇಲ್ಲದೆ ಆ ಪುಟ ಅರ್ಧ. ರೊಮುವಾಲ್ಡ್‌ನನ್ನು ಕೇಳುವ ಮುಖ ನನಗಿರಲಿಲ್ಲ. ಓತಿಲಿಯಾ ತಾವೇ ಅಂಗಡಿಗೆ ಹೋಗಿ, ಹೆಂಗಸರ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಅರ್ಧ ಕಿಲೋ ಹಂದಿ ಮಾಂಸ ಕೇಳಿ, ಆಮೇಲೆ ನಾಣ್ಯವನ್ನು ಕೇಳಿದರಂತೆ. ಅವನು ಮಾಂಸ ಕಟ್ಟಿಕೊಟ್ಟನಂತೆ, ಉತ್ತರ ಕೊಡಲಿಲ್ಲವಂತೆ. ಮರುವಾರವೂ ಹೋದರು. ಅದರ ಮರುವಾರವೂ. ಆಕೆಯ ಮನೆಯ ಫ್ರೀಜರಿನಲ್ಲಿ ಜಾಗವಿಲ್ಲದಾಯಿತು. ಒಂದು ಮಧ್ಯಾಹ್ನ ರೊಮುವಾಲ್ಡ್ ನನ್ನ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದ.

"ತೆಗಿ ಫೋಟೋ" ಅಂದ. "ಒಂದೇ ಷರತ್ತು. ಕೆಳಗೆ ನನ್ನ ಹೆಸರು ಬರ್ಬೇಕು. ಪೂರ್ತಿ ಹೆಸರು. ಮೋಸ ಹೋದವನು ಅಂತ ಬೇಡ, ನಾಣ್ಯ ಕೊಟ್ಟವನು ಅಂತ."

ಹಾಗೆಯೇ ಹಾಕಿದೆವು. ಪುಸ್ತಕ ಬಂದ ಗುರುವಾರ ಅವನು ಸಭೆಗೆ ಬಂದು ಆ ಪುಟವನ್ನು ತೆರೆದಿಟ್ಟುಕೊಂಡು ಕೂತ. ಓತಿಲಿಯಾ ಅವನ ತಟ್ಟೆಗೆ ತಾವೇ ಕೇಕಿನ ಚೂರು ಹಾಕಿದರು. ಇನ್ನು ಈ ಗೋಳು ಮುಗಿಯಿತು ಅಂತ ನನಗೂ ಹಾಯೆನಿಸಿತು.

ಮುಗಿಯಲಿಲ್ಲ. ಚಳಿಗಾಲ ಬರುವಷ್ಟರಲ್ಲಿ ಲುಬ್ಲಿನ್ ಕಡೆಯ ಒಬ್ಬ ವ್ಯಾಪಾರಿ ಒಂದು ತ್ರೋಯಾಕನ್ನು ಮಾರಾಟಕ್ಕಿಟ್ಟ. ಅದರ ಅಡಿಯಲ್ಲಿ ಅವನು ಬರೆದದ್ದು ಇದು: "ಸೆವೆರಿನ್ ನಲವತ್ತೇಳು 'ಎ', ಕೆರೆದ ಬಗೆ, ಎರಡನೆಯ ಮುದ್ರಣದಲ್ಲಿ ಚಿತ್ರಸಹಿತ ವಿವರಣೆ ಇದೆ, ರೊಮುವಾಲ್ಡ್ ಸಂಗ್ರಹದಲ್ಲಿದ್ದ ನಾಣ್ಯದಂಥದ್ದೇ, ಅತ್ಯಂತ ಅಪರೂಪ." 'ಎ' ಅಂತ ನಾವು ಎಲ್ಲೂ ಬರೆದಿರಲಿಲ್ಲ. ಅವನೇ ಹುಟ್ಟಿಸಿದ್ದು. ಅದನ್ನು ನೋಡಿ ಇನ್ನೊಬ್ಬ, ಕೊಳೆ ತುಂಬಿದ್ದಕ್ಕೆ 'ಬಿ' ಅಂದ. ರೊಮುವಾಲ್ಡ್‌ಗೆ ಮಾತ್ರ ಇದರಿಂದ ಬೇಜಾರಾದಂತೆ ಕಾಣಲಿಲ್ಲ. ನಾಣ್ಯ ಮತ್ತೆ ಅವನ ಒಳಜೇಬಿಗೆ ಬಂತು ಅಂತ ಕೇಳಿದೆ.

ಆ ವಿಷಯ ಹೇಳಲು ಹೋದಾಗ ಓತಿಲಿಯಾ ಮೇಷ್ಟ್ರ ಮನೆಯಲ್ಲೇ ಇದ್ದರು. ಈಗ ಹೆಚ್ಚು ಕಮ್ಮಿ ಅಲ್ಲೇ ಇರುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಫೋನು ಹೊಡೆದುಕೊಂಡಿತು. ಗ್ದಾನ್ಸ್ಕ್‌ನ ಯಾರೋ ಒಬ್ಬರು.

"ಇಲ್ಲ ಸ್ವಾಮಿ" ಅನ್ನುತ್ತಿದ್ದರು ಆಕೆ. "'ಎ' ಅಂತ ಇಲ್ಲ... ಹೌದು, ಪುಸ್ತಕ ನಾನೇ ಮಾಡಿದ್ದು... ನಿಮ್ಮದು ಕೆರೆದು ಕೆಡಿಸಿದ ನಲವತ್ತಾರು. ಹಾಳಾದ ನಾಣ್ಯ... ಏನು? ಹಾಗಾದ್ರೆ 'ಎ' ಅಂತಲೇ ಬರ್ಕೊಳ್ಳಲಾ ಅಂತೀರಾ?"

ಆಕೆ ಫೋನನ್ನು ಮೇಜಿನ ಮೇಲಿಟ್ಟರು. ಕತ್ತರಿಸಲಿಲ್ಲ, ಸುಮ್ಮನೆ ಇಟ್ಟರು. "ನನ್ನ ಕೈಲಾಗಲ್ಲ ಬೋನೆಕ್. ಈ ಜನಕ್ಕೆ ಇಲ್ಲ ಅಂದ್ರೂ ಒಂದು ನಂಬರು ಬೇಕು" ಅಂದು ಅಡುಗೆಮನೆಗೆ ನಡೆದರು. ಕಣ್ಣು ತುಂಬಿತ್ತು.

ಫೋನಿನಲ್ಲಿ ಆ ಮನುಷ್ಯ ಹಲೋ ಹಲೋ ಅನ್ನುತ್ತಲೇ ಇದ್ದ. ಮೇಷ್ಟ್ರು ತಡವರಿಸಿ ಮೇಜಿನ ಮೇಲೆ ಕೈಯಾಡಿಸಿದರು. ಫೋನು ಸಿಕ್ಕಿತು. ಅದನ್ನು ಕಿವಿಗೆ ಹಿಡಿದು, ತರಗತಿಯ ಹಿಂದಿನ ಬೆಂಚಿಗೂ ಕೇಳಿಸುವ ಆ ಹಳೆಯ ದನಿಯಲ್ಲಿ, "ಕೇಳಿ, ನಾನು ಸೆವೆರಿನ್. ತಪ್ಪು ನಂದು, ಅದಕ್ಕೇ ನಾನೇ ಹೇಳ್ತೀನಿ. ನಾಣ್ಯ ಕೈಗೆ ತಗೊಳ್ಳಿ. ಕುದುರೆ ಸವಾರ ಕಾಣ್ತಾನಾ? ಅವನ ಕತ್ತಿ ನೋಡಿ. ಓದ್ಬೇಡಿ, ನೋಡಿ. ಕತ್ತಿಯ ಹಿಡಿಯಿಂದ ಒಂದು ಗೆರೆ ಹೊರಟಿರುತ್ತೆ" ಅಂತ ಶುರುಮಾಡಿದರು.

"ಹಿಡಿಯಿಂದಲ್ಲ!" ಅಡುಗೆಮನೆಯಿಂದ ಕೂಗು ಬಂತು. "ತುದಿಯಿಂದ! ತುದಿಯಿಂದ ಕಣೋ!"

"ತುದಿಯಿಂದ" ಅಂತ ತಿದ್ದಿಕೊಂಡು ಮೇಷ್ಟ್ರು ಮುಂದುವರಿಸಿದರು.